ತಂತ್ರಜ್ಞಾನ ಸಮಿತಿಯ ಪಟ್ಟಿ ಎಲ್ಲಿ ತಯಾರಾಗುತ್ತದೆ?

ಆಯೋಗ, ಕಾರ್ಯಪಡೆ, ವಿಷನ್ ಗ್ರೂಪ್. ಹೆಸರು ಬೇರೆ ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ: ಸರ್ಕಾರಕ್ಕೆ ಸಲಹೆ ಕೊಡುವುದು. ಸದಸ್ಯರನ್ನು ಆರಿಸಿದ್ದು ಹೇಗೆ ಅಂತ ಕೇಳಿದರೆ ಮಾತ್ರ ಗೋಜಲು ಶುರು.

ಕರ್ನಾಟಕದಲ್ಲಿ ಈ ಕಥೆ ಹಳೆಯದು. 1975ರಲ್ಲೇ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಹುಟ್ಟಿ, ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಆವರಣದಲ್ಲಿ ನೆಲೆಯಾಯಿತು. ಆಗ ತಜ್ಞರೆಂದರೆ ಪ್ರೊಫೆಸರ್‌ಗಳು. 1997ರ ಐಟಿ ನೀತಿಯ ನಂತರ ಕಂಪನಿಯವರ ಮಾತಿಗೂ ತೂಕ ಬಂತು.

ಈಗಿನ ಪದ್ಧತಿಗೆ ಅಚ್ಚು ಬಿದ್ದದ್ದು 1999ರಲ್ಲಿ. ಎಸ್.ಎಂ. ಕೃಷ್ಣ ಸರ್ಕಾರ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿತು. ಇನ್ಫೋಸಿಸ್‌ನ ನಂದನ್ ನಿಲೇಕಣಿ ಅಧ್ಯಕ್ಷರು. ಅದು ನಗರದ ಕೆಲಸಕ್ಕೆ ಮಾಡಿದ್ದು, ನಿಜ. ಆದರೆ ಐಟಿ ಮಂದಿ ಸರ್ಕಾರದ ಮೇಜಿನ ಪಕ್ಕ ಕೂತು ಕೆಲಸ ಮಾಡಿದ್ದನ್ನು ಜನ ಕಣ್ಣಾರೆ ಕಂಡರು. ಪಾಲಿಕೆ, ಬಿಡಿಎ, ಜಲಮಂಡಳಿ ಮುಖ್ಯಸ್ಥರು ಮುಖ್ಯಮಂತ್ರಿ ಇರುವ ಸಭೆಯಲ್ಲಿ, ಜನರೆದುರೇ, ಏನು ಮಾಡಿದೆವು ಅಂತ ಲೆಕ್ಕ ಒಪ್ಪಿಸಬೇಕಿತ್ತು. ಒಳ್ಳೆಯದೇ. ಲೆಕ್ಕ ಕೇಳುವವರನ್ನು ಮಾತ್ರ ಜನರೂ ಆರಿಸಿರಲಿಲ್ಲ, ಸದನವೂ ಆರಿಸಿರಲಿಲ್ಲ. ಒಂದು ಸರ್ಕಾರಿ ಆದೇಶ ಸಾಕಾಗಿತ್ತು. 2004ರಲ್ಲಿ ಸರ್ಕಾರ ಬದಲಾಯಿತು, ಟಾಸ್ಕ್ ಫೋರ್ಸ್ ಸುಮ್ನೆ ತೆರೆಮರೆಗೆ ಸರಿಯಿತು. ಅದನ್ನು ನಿಲ್ಲಿಸಲು ಮಸೂದೆಯೇನೂ ಬೇಕಿರಲಿಲ್ಲ.

ಇಂಥ ಆದೇಶವೊಂದನ್ನು ಓದಿ ನೋಡಿ. ಮೊದಲು 'ಪ್ರಸ್ತಾವನೆ'. ಆಮೇಲೆ ಹೆಸರುಗಳ ಪಟ್ಟಿ. ಕೊನೆಗೆ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಅಂತ ಅಧಿಕಾರಿಯೊಬ್ಬರ ಸಹಿ. ಇಲಾಖೆ ಕಾರ್ಯದರ್ಶಿಗಳು ಪದನಿಮಿತ್ತ ಸದಸ್ಯರು, ಹುದ್ದೆ ಇರುವಷ್ಟು ದಿನ ಇರುತ್ತಾರೆ. ಉಳಿದವರು ನಾಮನಿರ್ದೇಶಿತರು. ಇವರೇ ಯಾಕೆ, ಇನ್ನೊಬ್ಬರು ಯಾಕಲ್ಲ ಎಂಬುದಕ್ಕೆ ಒಂದು ಸಾಲೂ ಸಿಗುವುದು ಅಪರೂಪ.

ಹಾಗಂತ ಎಲ್ಲವೂ ಸರ್ಕಾರದ ಜೊತೆಗೇ ಮುಳುಗುತ್ತವೆ ಅಂತಲ್ಲ. 2008ರ ಕರ್ನಾಟಕ ಜ್ಞಾನ ಆಯೋಗಕ್ಕೆ ಇಸ್ರೋ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ಅಧ್ಯಕ್ಷರಾದರು. 2013ರಲ್ಲಿ ಆಳುವ ಪಕ್ಷ ಬದಲಾದ ಮೇಲೂ ಅಧ್ಯಕ್ಷತೆ ಅವರಿಗೇ ಬಂತು. ಅವರ ಹೆಸರಿಗೆ ಆ ತೂಕವಿತ್ತು. ನಿಯಮ ಮಾತ್ರ ಆಗಲೂ ಇರಲಿಲ್ಲ.

ಬರೀ ಸಲಹೆಗಾರರಿಗೆ ಅಷ್ಟೆಲ್ಲ ನಿಯಮ ಯಾಕೆ ಎನ್ನುವವರಿದ್ದಾರೆ. ಆದರೆ ಜಮೀನು, ತೆರಿಗೆ ರಿಯಾಯಿತಿಯ ನೀತಿಗಳು ರೂಪುಗೊಳ್ಳುವಾಗ ಆ ಸಲಹೆ ಕಿವಿಗೆ ಬೀಳುತ್ತದೆ, ಅಲ್ವಾ?

ರಾಜ್ಯ ಮಾಹಿತಿ ಆಯೋಗದ ದಾರಿ ಬೇರೆ. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕ ಮತ್ತು ಒಬ್ಬ ಸಂಪುಟ ಸಚಿವರ ಸಮಿತಿ ಹೆಸರು ಶಿಫಾರಸು ಮಾಡಬೇಕು, ರಾಜ್ಯಪಾಲರು ನೇಮಿಸಬೇಕು. ಮೂವರಲ್ಲಿ ಇಬ್ಬರು ಸರ್ಕಾರದವರೇ ಅನ್ನಿ. ಆದರೂ ವಿರೋಧ ಪಕ್ಷಕ್ಕೆ ತಕರಾರು ಬರೆಯಲು ಒಂದು ಜಾಗವಿದೆ. ಆಯ್ಕೆಯ ಮಾನದಂಡ ಬಹಿರಂಗವಾಗಬೇಕು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಆ ಮಾತು ಮಾಹಿತಿ ಆಯುಕ್ತರ ನೇಮಕಕ್ಕೆ ಹೇಳಿದ್ದು. ಆದೇಶದ ಮೇಲೆ ಹುಟ್ಟುವ ತಂತ್ರಜ್ಞಾನ ಸಮಿತಿಗಳು ಅದರ ವ್ಯಾಪ್ತಿಯ ಹೊರಗೇ ಇವೆ.