ಆಡ್-ಆನ್ ಹಾಕಿದ್ದು ಯಾರು, ಹೊಣೆ ಯಾರದ್ದು?

2025ರ ಆಗಸ್ಟ್ ಕೊನೆಯ ಹೊತ್ತಿಗೆ ನೂರಾರು ಕಂಪನಿಗಳ ಐಟಿ ವಿಭಾಗದವರು ಒಂದೇ ವಿಷಯ ಹುಡುಕುತ್ತಿದ್ದರು. ನಮ್ಮ ಸೇಲ್ಸ್‌ಫೋರ್ಸ್‌ಗೆ ಡ್ರಿಫ್ಟ್ ಜೋಡಿಸಿದ್ದೇವಾ? ಸೇಲ್ಸ್‌ಫೋರ್ಸ್ ಎಂದರೆ ಗ್ರಾಹಕರ ದಾಖಲೆಗಳನ್ನು ಇಟ್ಟುಕೊಳ್ಳುವ ಕ್ಲೌಡ್ ಸಾಫ್ಟ್‌ವೇರ್. ಡ್ರಿಫ್ಟ್ ಎಂದರೆ ವೆಬ್‌ಸೈಟಿನ ಮೂಲೆಯಲ್ಲಿ ಕೂತು ಬಂದವರನ್ನು ಮಾತಾಡಿಸುವ ಚಾಟ್ ಸಾಧನ, ಆಡ್-ಆನ್, ಅಂದರೆ ಮೂಲ ಸಾಫ್ಟ್‌ವೇರಿಗೆ ಹೊರಗಿನಿಂದ ಜೋಡಿಸುವ ತುಣುಕು. ಅದರ ಮೂಲಕ ಕಳ್ಳರು ದಾಖಲೆ ಇಳಿಸಿಕೊಂಡಿದ್ದರು. ಅಂಥದ್ದನ್ನು ಹಾಕಿಸುವುದು ಸಾಮಾನ್ಯವಾಗಿ ಮಾರ್ಕೆಟಿಂಗ್‌ನವರು. ಅದು ಒಳಗಿನ ಏನೇನನ್ನು ಓದಬಲ್ಲದು ಎಂಬ ಪ್ರಶ್ನೆ ಏಳುವುದು ಮಾತ್ರ ಕೆಟ್ಟ ಸುದ್ದಿ ಬಂದಮೇಲೆ.

ಇದೇ ಆಡ್-ಆನ್‌ಗಳ ಸುತ್ತ ಇನ್ನೊಂದು ತಕರಾರೂ ಇದೆ, ಲೈಸೆನ್ಸಿನದು. ಭದ್ರತೆ ಐಟಿಯವರ ತಲೆನೋವು, ಲೈಸೆನ್ಸ್ ಲೀಗಲ್‌ನವರದ್ದೋ ಖರೀದಿ ವಿಭಾಗದವರದ್ದೋ ಎಂದು ಆಫೀಸುಗಳು ಹಂಚಿಕೊಂಡುಬಿಟ್ಟಿವೆ. ಹಾಗಾಗಿ ಎರಡೂ ಬೇರೆ ಬೇರೆ ಕಥೆ ಅನ್ನಿಸುತ್ತದೆ. ಹಿಂದಕ್ಕೆ ಹೋಗಿ ನೋಡಿದರೆ ಎರಡೂ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಎಡವಿವೆ.

ಮೊದಲ ಕಾಲು ಶತಮಾನವನ್ನು ಬೇಗ ಮುಗಿಸಬಹುದು. 1980ರ ದಶಕದಲ್ಲಿ ಲೋಟಸ್ 1-2-3 ಸ್ಪ್ರೆಡ್‌ಶೀಟಿಗೆ ಬೇರೆಯವರು ಬರೆದ ಆಡ್-ಇನ್‌ಗಳು ಬಂದವು, 1993ರಲ್ಲಿ ಎಕ್ಸೆಲ್‌ಗೆ ವಿಬಿಎ (ಫೈಲಿನೊಳಗೇ ಮ್ಯಾಕ್ರೋ ಎಂಬ ಸಣ್ಣ ಪ್ರೋಗ್ರಾಂ ಬರೆಯುವ ಭಾಷೆ) ಬಂತು, 1995ರಲ್ಲಿ ಕಾನ್ಸೆಪ್ಟ್ ಎಂಬ ವರ್ಡ್ ಮ್ಯಾಕ್ರೋ ವೈರಸ್ ಹರಡಿತು, 1999ರ ಮಾರ್ಚ್‌ನಲ್ಲಿ ಮೆಲಿಸ್ಸಾ ಅಡ್ರೆಸ್ ಬುಕ್ಕಿನ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಮೇಲ್ ಮಾಡಿಕೊಂಡಿತು. ಇಂಟರ್ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುತ್ತೇನೆ ಎಂದು ಮೈಕ್ರೋಸಾಫ್ಟ್ ಹೇಳಿದ್ದು 2022ರಲ್ಲಿ. ಅಷ್ಟು ವರ್ಷ ಯಾಕೆ ಬೇಕಾಯಿತು? ಲೆಕ್ಕಪತ್ರ, ಪೇರೋಲ್, ವರದಿ ಎಲ್ಲವೂ ಅದೇ ಮ್ಯಾಕ್ರೋಗಳ ಮೇಲೆ ನಿಂತಿದ್ದವು. ಬಂದ್ ಮಾಡಿದರೆ ಕೆಲಸವೇ ನಿಲ್ಲುತ್ತಿತ್ತು.

ಆ ಕಾಲದಲ್ಲಿ ಒಂದು ಅನುಕೂಲವಿತ್ತು. ಆಡ್-ಆನ್ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತಿತ್ತು, ಅಳಿಸಿದರೆ ಹೋಗುತ್ತಿತ್ತು. 2004ರಲ್ಲಿ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಪ್ಲಗಿನ್‌ಗಳಿಗೆ, ಅಂದರೆ ತನ್ನ ಆಡ್-ಆನ್‌ಗಳಿಗೆ, ಬಾಗಿಲು ತೆರೆಯಿತು. 2006ರ ಹೊತ್ತಿಗೆ ಸೇಲ್ಸ್‌ಫೋರ್ಸ್ ತನ್ನ ಆಪ್‌ಎಕ್ಸ್‌ಚೇಂಜ್ ಮಾರುಕಟ್ಟೆ ಶುರು ಮಾಡಿತು. ಆಮೇಲೆ ಎಲ್ಲರಿಗೂ ಒಂದೊಂದು ಮಾರುಕಟ್ಟೆ ಬೇಕಾಯಿತು. ಮೂಲ ಸಾಫ್ಟ್‌ವೇರ್ ಮಾಡಿದವರಿಗೆ ಇದು ಲಾಭವೇ. ಪ್ರತಿ ಸಣ್ಣ ಬೇಡಿಕೆಗೂ ತಾವೇ ಕೋಡ್ ಬರೆಯಬೇಕಿಲ್ಲ. ಗ್ರಾಹಕರಿಗೂ ಖುಷಿ, ಒಂದು ಬಟನ್ ಒತ್ತಿದರೆ ಆಯಿತು. ಇನ್‌ಸ್ಟಾಲ್ ಬಟನ್ ಎಷ್ಟು ದೊಡ್ಡದಾಗಿರುತ್ತದೆ, ಅನುಮತಿಗಳ ಪಟ್ಟಿ ಎಷ್ಟು ಸಣ್ಣ ಅಕ್ಷರದಲ್ಲಿರುತ್ತದೆ ಎಂಬುದನ್ನು ಒಮ್ಮೆ ಗಮನಿಸಿ ನೋಡಿ.

ಲೈಸೆನ್ಸ್ ಮತ್ತು ಭದ್ರತೆ ಒಂದನ್ನೊಂದು ಹೇಗೆ ಕೆಡಿಸುತ್ತವೆ ಎನ್ನುವುದಕ್ಕೆ 2014ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸ್ಲೈಡರ್ ರೆವಲ್ಯೂಷನ್ ಎಂಬ ಜನಪ್ರಿಯ ವರ್ಡ್‌ಪ್ರೆಸ್ ಪ್ಲಗಿನ್ ಇತ್ತು, ಹೋಮ್ ಪೇಜಿನಲ್ಲಿ ಚಿತ್ರಗಳನ್ನು ಸರಿಸುವಂಥದ್ದು. ಅದರಲ್ಲಿ ಒಂದು ದೋಷವಿತ್ತು. ಚಿತ್ರ ತೋರಿಸು ಎಂದು ಕೇಳುವ ಜಾಗದಲ್ಲಿ ಚಿತ್ರದ ಬದಲು ಬೇರೆ ಫೈಲಿನ ಹೆಸರು ಕೊಟ್ಟರೆ ಅದು ಆ ಫೈಲನ್ನೇ ಕೊಟ್ಟುಬಿಡುತ್ತಿತ್ತು. ವರ್ಡ್‌ಪ್ರೆಸ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನೂ ಕೊಡುತ್ತಿತ್ತು! ಲಾಗಿನ್ ಆಗುವ ಅಗತ್ಯವೂ ಇರಲಿಲ್ಲ.

ತಯಾರಕರು ಅದನ್ನು 2014ರ ಫೆಬ್ರವರಿಯಲ್ಲೇ 4.2ನೇ ಆವೃತ್ತಿಯಲ್ಲಿ ಸರಿಪಡಿಸಿದ್ದರು, ಜಾಸ್ತಿ ಸದ್ದು ಮಾಡದೆ. ಸೆಪ್ಟೆಂಬರ್‌ನಲ್ಲಿ ದೋಷದ ವಿವರ ಎಲ್ಲರಿಗೂ ಗೊತ್ತಾಯಿತು. ಡಿಸೆಂಬರ್‌ನಲ್ಲಿ ಸೋಕ್‌ಸೋಕ್ ಎಂಬ ದಾಳಿ ಇದೇ ದಾರಿಯಲ್ಲಿ ನುಗ್ಗಿತು. ಗೂಗಲ್ 11,000ಕ್ಕೂ ಹೆಚ್ಚು ಡೊಮೇನ್‌ಗಳನ್ನು ಕಪ್ಪು ಪಟ್ಟಿಗೆ ಹಾಕಿತು. ಪ್ಯಾಚ್ ಬಂದು ಹತ್ತು ತಿಂಗಳಾಗಿದ್ದರೂ ಇಷ್ಟು ಸೈಟ್‌ಗಳು ಹಳೆಯ ಆವೃತ್ತಿಯಲ್ಲೇ ಯಾಕೆ ಇದ್ದವು?

ಉತ್ತರ ಲೈಸೆನ್ಸಿನಲ್ಲಿತ್ತು. ಪ್ಲಗಿನ್ ಅನ್ನು ನೇರವಾಗಿ ಕೊಂಡವರಿಗೆ ಲೈಸೆನ್ಸ್ ಕೀ ಇತ್ತು, ಅಪ್‌ಡೇಟ್ ಬರುತ್ತಿತ್ತು. ಆದರೆ ಬಹಳ ಜನ ಕೊಂಡಿದ್ದು ಒಂದು ಥೀಮ್, ಅಂದರೆ ಸೈಟಿನ ಸಿದ್ಧ ವಿನ್ಯಾಸ. ಆ ಥೀಮಿನ ಹೊಟ್ಟೆಯೊಳಗೆ ಈ ಪ್ಲಗಿನ್ ಸೇರಿಕೊಂಡಿತ್ತು, ಥೀಮ್ ಮಾಡಿದವರ ಲೈಸೆನ್ಸಿನಲ್ಲಿ. ಥೀಮ್ ಕೊಂಡವರ ಕೈಯಲ್ಲಿ ಪ್ಲಗಿನ್‌ನ ಕೀ ಇರಲಿಲ್ಲ, ಆದ್ದರಿಂದ ಅಪ್‌ಡೇಟ್ ತಾನಾಗಿ ಬರುತ್ತಲೂ ಇರಲಿಲ್ಲ. ಥೀಮಿನವರು ಹೊಸ ಆವೃತ್ತಿ ಬಿಡುವವರೆಗೆ ಕಾಯಬೇಕು. ಎಷ್ಟೋ ಜನರಿಗೆ ಆ ಹೆಸರಿನ ಪ್ಲಗಿನ್ ತಮ್ಮಲ್ಲಿದೆ ಎಂಬುದೇ ತಿಳಿದಿರಲಿಲ್ಲ. ಗಮನಿಸಿ, ಇವರು ಕದ್ದ ಮಾಲು ಬಳಸಿದವರಲ್ಲ. ದುಡ್ಡು ಕೊಟ್ಟವರೇ.

ಕದ್ದ ಮಾಲಿನ ಕಥೆ ಬೇರೆ. ಲೈಸೆನ್ಸ್ ಪರೀಕ್ಷೆ ಕಿತ್ತುಹಾಕಿ ಪುಕ್ಕಟೆ ಹಂಚುವ 'ನಲ್ಡ್' ಪ್ಲಗಿನ್‌ಗಳಲ್ಲಿ ಹಂಚಿದವನು ತನ್ನದೂ ಒಂದಿಷ್ಟು ಕೋಡ್ ಸೇರಿಸಿರುತ್ತಾನೆ. ಸುಮ್ನೆ ಯಾರೂ ಉಪಕಾರ ಮಾಡುವುದಿಲ್ಲ, ಅಲ್ವಾ? ಇದಕ್ಕಿಂತ ಸಾಮಾನ್ಯವಾದದ್ದು ಮೂರನೆಯ ಬಗೆ. ಮೊದಲ ವರ್ಷ ದುಡ್ಡು ಕೊಟ್ಟು ಕೊಂಡಿರುತ್ತಾರೆ, ಎರಡನೇ ವರ್ಷ ನವೀಕರಣದ ಮೇಲ್ ಕೆಲಸ ಬಿಟ್ಟುಹೋದ ಯಾರದೋ ಇನ್‌ಬಾಕ್ಸ್‌ಗೆ ಹೋಗುತ್ತದೆ. ಆಡ್-ಆನ್ ನಡೆಯುತ್ತಲೇ ಇರುತ್ತದೆ, ಅಪ್‌ಡೇಟ್ ಮಾತ್ರ ನಿಂತಿರುತ್ತದೆ. ಖರೀದಿ ವಿಭಾಗದ ಲೆಕ್ಕದಲ್ಲಿ ಅದು ಉಳಿತಾಯ. ಭದ್ರತೆಯ ಲೆಕ್ಕದಲ್ಲಿ ಏನು ಎಂದು ಬರೆದುಕೊಳ್ಳಲು ಕಾಲಂ ಇರುವುದಿಲ್ಲ.

2017ರಲ್ಲಿ ವಿಷಯ ಇನ್ನಷ್ಟು ಗೋಜಲಾಯಿತು. ಡಿಸ್‌ಪ್ಲೇ ವಿಜೆಟ್ಸ್ ಎಂಬ ಸಣ್ಣ ವರ್ಡ್‌ಪ್ರೆಸ್ ಪ್ಲಗಿನ್ ಸುಮಾರು 2 ಲಕ್ಷ ಸೈಟ್‌ಗಳಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು 15,000 ಡಾಲರ್‌ಗೆ ಮಾರಿದರು. ಮಾರುವುದು ತಪ್ಪೇನಲ್ಲ, ಲೈಸೆನ್ಸೂ ಅದಕ್ಕೆ ಅಡ್ಡ ಬರುವುದಿಲ್ಲ. ಹೊಸ ಮಾಲೀಕತ್ವದಲ್ಲಿ ಬಂದ ಅಪ್‌ಡೇಟ್‌ನಲ್ಲಿ ಸೈಟಿನೊಳಗೆ ಜಾಹೀರಾತಿನ ಕಸ ತುಂಬುವ ಹಿಂಬಾಗಿಲು ಇತ್ತು. ಆ ಕಸ ಲಾಗಿನ್ ಆದವರಿಗೆ ಕಾಣದ ಹಾಗೆ ಬರೆದಿದ್ದರು. ಅಂದರೆ ಸೈಟಿನ ಮಾಲೀಕ ತನ್ನದೇ ಸೈಟನ್ನು ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಇದೆ! ಅಧಿಕೃತ ಪಟ್ಟಿಯಿಂದ ಅದನ್ನು ತೆಗೆಯುವುದು, ಅದು ವಾಪಸ್ ಬರುವುದು, ಹೀಗೆ ಕೆಲವು ಸಲ ನಡೆದು ಕೊನೆಗೆ ಸೆಪ್ಟೆಂಬರ್‌ನಲ್ಲಿ ಪೂರ್ತಿ ಹೊರಬಿತ್ತು. ಅಪ್‌ಡೇಟ್ ತಕ್ಷಣ ಹಾಕಿಕೊಳ್ಳಿ ಎಂಬ ಬುದ್ಧಿಮಾತು ಪಾಲಿಸಿದವರೇ ಇಲ್ಲಿ ಮೊದಲು ಸಿಕ್ಕಿಬಿದ್ದವರು.

ಅದೇ ವರ್ಷದ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಕೊಟ್ಟ ಒಂದು ತೀರ್ಪು ಲೈಸೆನ್ಸ್ ಕಡೆಯವರ ನಿದ್ದೆ ಕೆಡಿಸಿತು. ಮದ್ಯ ತಯಾರಿಸುವ ಡಿಯಾಜಿಯೊ ಕಂಪನಿ ವ್ಯವಹಾರ ನಿರ್ವಹಣೆಗೆ ಎಸ್‌ಎಪಿ ಕಂಪನಿಯ ಸಾಫ್ಟ್‌ವೇರ್ ಬಳಸುತ್ತಿತ್ತು. ಅದರ ಮುಂದೆ ಸೇಲ್ಸ್‌ಫೋರ್ಸ್ ಮೇಲೆ ಎರಡು ವ್ಯವಸ್ಥೆ ಕಟ್ಟಿಸಿತು, ಒಂದು ಗ್ರಾಹಕರು ಅಲ್ಲೇ ಆರ್ಡರ್ ಹಾಕುವಂತೆ, ಇನ್ನೊಂದು ಮಾರಾಟ ಪ್ರತಿನಿಧಿಗಳಿಗೆ. ಆರ್ಡರ್ ಹಿಂದಿನಿಂದ ಎಸ್‌ಎಪಿಗೆ ಹೋಗಿ ಸೇರುತ್ತಿತ್ತು. ಅವನ್ನು ಬಳಸಿದವರೆಲ್ಲ ನಮ್ಮ ಸಾಫ್ಟ್‌ವೇರ್ ಬಳಸಿದಂತೆಯೇ ಎಂದು ಎಸ್‌ಎಪಿ 5.4 ಕೋಟಿ ಪೌಂಡ್‌ಗೂ ಹೆಚ್ಚು ಕೇಳಿತು. ಅವರಿಗೂ ಲೈಸೆನ್ಸ್ ಬೇಕಿತ್ತು ಎಂದು ಕೋರ್ಟ್ ಒಪ್ಪಿತು. ಕರಾರು ಆಗಿದ್ದು 2004ರಲ್ಲಿ, ಇಂಥ ಜೋಡಣೆ ಯಾರ ಕನಸಿನಲ್ಲೂ ಇಲ್ಲದಾಗ. ಎಸ್‌ಎಪಿ ಮರುವರ್ಷ, 2018ರಲ್ಲಿ, ಬಳಕೆದಾರರ ತಲೆ ಎಣಿಸುವ ಬದಲು ಹೊರಗಿನಿಂದ ಸೃಷ್ಟಿಯಾಗುವ ದಾಖಲೆಗಳನ್ನು ಎಣಿಸುವ ಹೊಸ ಪದ್ಧತಿಯನ್ನೂ ತಂದಿತು. ಆದರೆ ಪಾಠ ಉಳಿಯಿತು. ಎರಡು ಸಾಫ್ಟ್‌ವೇರ್‌ಗಳನ್ನು ಜೋಡಿಸುವ ಸಣ್ಣ ಕನೆಕ್ಟರ್ ಪುಕ್ಕಟೆ ಸಿಗಬಹುದು, ಜೋಡಿಸಿದ್ದರ ಬಿಲ್ ಬೇರೆ ಕಡೆಯಿಂದ ಬರಬಹುದು.

ತೆರೆದ ಆಕರದ (ಓಪನ್ ಸೋರ್ಸ್) ಲೈಸೆನ್ಸ್‌ಗಳಲ್ಲಿ ಇದು ಇನ್ನೂ ಮೆತ್ತಗೆ ನಡೆಯುತ್ತದೆ. ಇನ್‌ವಾಯ್ಸ್ ಅನ್ನು ಪಿಡಿಎಫ್ ಮಾಡಿಕೊಡುವ ಒಂದು ಆಡ್-ಆನ್ ತೆಗೆದುಕೊಳ್ಳಿ. ಒಳಗೆ ಬಹುಶಃ ಐಟೆಕ್ಸ್ಟ್ ಎಂಬ ಸಿದ್ಧ ಕೋಡಿನ ಲೈಬ್ರರಿ ಇರುತ್ತದೆ. ಅದರ 2.1.7ನೇ ಆವೃತ್ತಿಯ ಲೈಸೆನ್ಸ್ ಸಡಿಲ. 2009ರ ಕೊನೆಗೆ ಬಂದ 5ನೇ ಆವೃತ್ತಿಯಿಂದ ಎಜಿಪಿಎಲ್ ಎಂಬ ಲೈಸೆನ್ಸ್. ಮಾರ್ಪಡಿಸಿದ ಸಾಫ್ಟ್‌ವೇರನ್ನು ನೆಟ್‌ವರ್ಕ್ ಮೂಲಕ ಬಳಕೆಗೆ ಬಿಟ್ಟರೆ ಬಳಸುವವರಿಗೆ ಸೋರ್ಸ್ ಕೋಡ್ ಕೊಡಬೇಕು ಎನ್ನುವುದು ಅದರ ಷರತ್ತು, ಬೇಡವೆಂದರೆ ಕಮರ್ಷಿಯಲ್ ಲೈಸೆನ್ಸ್ ಕೊಳ್ಳಬೇಕು. ಡೆವಲಪರ್ ಬದಲಾಯಿಸುವುದು ಫೈಲಿನಲ್ಲಿ ಒಂದೋ ಎರಡೋ ಸಾಲು. ಹಳೆಯ ಆವೃತ್ತಿಗೆ ಭದ್ರತಾ ಪ್ಯಾಚ್ ಬರುವುದಿಲ್ಲ ಎಂದು ಒಳ್ಳೆಯ ಮನಸ್ಸಿನಿಂದಲೇ ಬದಲಾಯಿಸುತ್ತಾನೆ. ಭದ್ರತೆ ಸರಿಹೋಯಿತು, ಲೈಸೆನ್ಸ್ ಕೆಟ್ಟಿತು. ಆ ಸಾಲನ್ನು ಲೀಗಲ್‌ನವರು ಯಾವತ್ತೂ ನೋಡುವುದಿಲ್ಲ.

ಈಗ ಟೋಕನ್‌ಗಳ ಕಾಲ. ಮೋಡದಲ್ಲಿರುವ ಒಂದು ಸೇವೆ ಇನ್ನೊಂದು ಸೇವೆಯೊಳಗೆ ನಿಮ್ಮ ಪರವಾಗಿ ಹೋಗಲು ಪಾಸ್‌ವರ್ಡ್ ಬೇಡ, ಓಆತ್ ಟೋಕನ್ ಎಂಬ ಡಿಜಿಟಲ್ ಅನುಮತಿ ಚೀಟಿ ಸಾಕು. ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಪಾಸ್‌ವರ್ಡ್ ಬದಲಾಯಿಸಿದರೂ ಟೋಕನ್ ಬದುಕಿರಬಹುದು. ಎರಡು ಹಂತದ ಲಾಗಿನ್ ಅದನ್ನು ಮತ್ತೆ ಪ್ರಶ್ನಿಸುವುದಿಲ್ಲ. ಮನೆ ಖಾಲಿ ಮಾಡಿದವರ ಹತ್ತಿರವೇ ಒಂದು ಬೀಗದ ಕೈ ಉಳಿದ ಹಾಗೆ. 2017ರ ಮೇ ತಿಂಗಳಲ್ಲೇ ಇದರ ಸುಳಿವು ಸಿಕ್ಕಿತ್ತು. 'ಗೂಗಲ್ ಡಾಕ್ಸ್' ಎಂದೇ ಹೆಸರಿಟ್ಟುಕೊಂಡ ನಕಲಿ ಆಪ್ ಒಂದು ಅಸಲಿ ಗೂಗಲ್ ಪುಟದಲ್ಲೇ ಅನುಮತಿ ಕೇಳಿತು, ಒಪ್ಪಿದವರ ಸಂಪರ್ಕ ಪಟ್ಟಿಗೆಲ್ಲ ಮೇಲ್ ಕಳಿಸಿತು. ಯಾರ ಪಾಸ್‌ವರ್ಡೂ ಕಳವಾಗಲಿಲ್ಲ. ಗೂಗಲ್ ಸುಮಾರು ಒಂದು ಗಂಟೆಯಲ್ಲಿ ತಡೆಯಿತು. ಆಮೇಲೆ ಜನ ಮರೆತರು.

ತೆಗೆದುಹಾಕಿದರೂ ಹೋಗದ ಆಡ್-ಆನ್ ಎಂದರೆ ಹೇಗಿರುತ್ತದೆ ಎಂದು 2022ರ ಜುಲೈ ತೋರಿಸಿತು. ಕಚೇರಿಯ ಬರಹಗಳನ್ನು ಹಂಚಿಕೊಳ್ಳುವ ಸಾಫ್ಟ್‌ವೇರ್ ಆದ ಅಟ್ಲಾಸಿಯನ್ ಕಂಪನಿಯ ಕಾನ್‌ಫ್ಲುಯೆನ್ಸ್‌ಗೆ 'ಕ್ವೆಶ್ಚನ್ಸ್ ಫಾರ್ ಕಾನ್‌ಫ್ಲುಯೆನ್ಸ್' ಎಂಬ ಆಡ್-ಆನ್ ಇತ್ತು. ಅದರ ಕೆಲವು ಆವೃತ್ತಿಗಳು ಇನ್‌ಸ್ಟಾಲ್ ಆಗುವಾಗ ಒಂದು ಖಾತೆಯನ್ನೂ ಸೃಷ್ಟಿಸುತ್ತಿದ್ದವು, ಡೇಟಾವನ್ನು ಕ್ಲೌಡ್‌ಗೆ ಸಾಗಿಸಲು ಅಡ್ಮಿನ್‌ಗಳಿಗೆ ನೆರವಾಗಲಿ ಎಂದು. ಖಾತೆಯ ಹೆಸರು 'ಡಿಸೇಬಲ್ಡ್‌ಸಿಸ್ಟಮ್‌ಯೂಸರ್'. ಹೆಸರಿನಲ್ಲಿ ಡಿಸೇಬಲ್ಡ್ ಇದ್ದರೂ ಖಾತೆ ಚಾಲ್ತಿಯಲ್ಲೇ ಇತ್ತು, ಪಾಸ್‌ವರ್ಡ್ ಕೋಡಿನಲ್ಲೇ ಬರೆದಿತ್ತು, ಎಲ್ಲ ಕಡೆಯೂ ಅದೇ. ವಿಷಯ ಪ್ರಕಟವಾದ ಕೂಡಲೇ ಪಾಸ್‌ವರ್ಡ್ ಇಂಟರ್ನೆಟ್‌ನಲ್ಲಿ ಓಡಾಡತೊಡಗಿತು. ಅಡ್ಮಿನ್‌ಗಳು ಆಡ್-ಆನ್ ತೆಗೆದುಹಾಕಿದರು. ಖಾತೆ ಹೋಗಲಿಲ್ಲ! ಅದನ್ನು ಬೇರೆಯಾಗಿ ಹುಡುಕಿ ಅಳಿಸಬೇಕಿತ್ತು. ಎಂದೋ ಪ್ರಯೋಗಕ್ಕೆ ಹಾಕಿ ಅಂದೇ ತೆಗೆದವರಲ್ಲೂ ಆ ಖಾತೆ ಉಳಿದಿರಬಹುದಿತ್ತು.

ಇನ್ನು ಡ್ರಿಫ್ಟ್. ಅದನ್ನು ಸೇಲ್ಸ್‌ಲಾಫ್ಟ್ ಎಂಬ ಕಂಪನಿ 2024ರಲ್ಲಿ ಕೊಂಡುಕೊಂಡಿತ್ತು. ನುಗ್ಗಿದವರು ಮೊದಲು ಆ ಕಂಪನಿ ತನ್ನ ಕೋಡ್ ಇಡುವ ಗಿಟ್‌ಹಬ್ ಖಾತೆಗೆ ಬಂದರು, ತಿಂಗಳುಗಟ್ಟಲೆ ಸುಳಿದಾಡಿದರು, ಅಲ್ಲಿಂದ ಡ್ರಿಫ್ಟ್‌ನ ಕ್ಲೌಡ್‌ಗೆ ದಾಟಿ ಗ್ರಾಹಕರ ಟೋಕನ್‌ಗಳನ್ನು ಎತ್ತಿಕೊಂಡರು. 2025ರ ಆಗಸ್ಟ್ 8ರಿಂದ 18ರವರೆಗೆ ಆ ಟೋಕನ್ ಹಿಡಿದು ಒಂದೊಂದೇ ಸೇಲ್ಸ್‌ಫೋರ್ಸ್ ಖಾತೆಯಿಂದ ದಾಖಲೆ ಇಳಿಸಿಕೊಂಡರು. 700ಕ್ಕೂ ಹೆಚ್ಚು ಸಂಸ್ಥೆಗಳಿಗೆ ಇದರ ಬಿಸಿ ತಟ್ಟಿರಬಹುದು ಎಂಬುದು ಅಂದಾಜು. ಕ್ಲೌಡ್‌ಫ್ಲೇರ್, ಝಡ್‌ಸ್ಕೇಲರ್, ಪಾಲೊ ಆಲ್ಟೊ ನೆಟ್‌ವರ್ಕ್ಸ್ ತಾವೂ ಆ ಪಟ್ಟಿಯಲ್ಲಿದ್ದೇವೆ ಎಂದು ಹೇಳಿಕೊಂಡವು. ಭದ್ರತೆಯನ್ನೇ ಮಾರುವ ಕಂಪನಿಗಳಿವು.

ನುಗ್ಗಿದವರು ಹುಡುಕಿದ್ದು ಏನನ್ನು? ಸಪೋರ್ಟ್ ಟಿಕೆಟ್‌ಗಳ ಒಳಗಿನ ಬರಹವನ್ನು. "ಲಾಗಿನ್ ಆಗುತ್ತಿಲ್ಲ, ಇದು ನಮ್ಮ ಕೀ, ಸ್ವಲ್ಪ ನೋಡಿ" ಎಂದು ಗ್ರಾಹಕರು ಟಿಕೆಟ್‌ನಲ್ಲಿ ಅಂಟಿಸಿಬಿಟ್ಟಿರುತ್ತಾರಲ್ಲ, ಅದನ್ನು. ಕ್ಲೌಡ್‌ಫ್ಲೇರ್ ತನ್ನ ಟಿಕೆಟ್‌ಗಳನ್ನು ಜಾಲಾಡಿದಾಗ ತನ್ನದೇ 104 ಎಪಿಐ ಟೋಕನ್ (ಪ್ರೋಗ್ರಾಂಗಳು ಒಳಗೆ ಬರಲು ಬಳಸುವ ಕೀ) ಸಿಕ್ಕವು, ಎಲ್ಲವನ್ನೂ ಬದಲಾಯಿಸಿತು. ಲಾಗಿನ್ ಸೇವೆ ಮಾರುವ ಒಕ್ಟಾ ಕಂಪನಿಯ ಬಳಿಯೂ ಕದ್ದ ಟೋಕನ್ ಹಿಡಿದು ಬಂದಿದ್ದರು. ಆದರೆ ಅಲ್ಲಿ ಇಂಥಿಂಥ ಐಪಿ ವಿಳಾಸಗಳಿಂದ ಮಾತ್ರ ಎಂಬ ನಿರ್ಬಂಧ ಹಾಕಿದ್ದರು, ಹಾಗಾಗಿ ಒಳಗೆ ಬಿಡಲಿಲ್ಲ. ಇಡೀ ಪ್ರಕರಣದಲ್ಲಿ ಇಷ್ಟು ಸರಳವಾದ ಸೆಟ್ಟಿಂಗ್ ಒಂದು ಕೆಲಸ ಮಾಡಿತು ಎನ್ನುವುದು ನನಗೆ ಈಗಲೂ ಸೋಜಿಗ. ಬಹಳ ಕಡೆ ಅದನ್ನು ಹಾಕದಿರುವುದಕ್ಕೆ ಕಾರಣವೂ ಗೊತ್ತಿರುವಂಥದ್ದೇ. ಯಾವ ಆಡ್-ಆನ್ ಎಲ್ಲಿಂದ ಬರುತ್ತದೆ ಎಂಬ ಪಟ್ಟಿ ಇದ್ದರೆ ತಾನೇ ನಿರ್ಬಂಧ ಹಾಕುವುದು?

ಎಐ ಸಹಾಯಕರಿಗೆ ಹೊರಗಿನ ಸಾಧನ ಜೋಡಿಸುವ ಎಂಸಿಪಿ ಎಂಬ ಪದ್ಧತಿ 2024ರ ನವೆಂಬರ್‌ನಲ್ಲಿ ಬಂತು. ಒಂದು ವರ್ಷದೊಳಗೇ ಹಳೆಯ ಆಟ ಅಲ್ಲೂ ಶುರುವಾಯಿತು. ಮೇಲ್ ಕಳಿಸಲು ನೆರವಾಗುವ 'ಪೋಸ್ಟ್‌ಮಾರ್ಕ್-ಎಂಸಿಪಿ' ಎಂಬ ಅನಧಿಕೃತ ಪ್ಯಾಕೇಜ್ 15 ಆವೃತ್ತಿ ನೆಟ್ಟಗೆ ಕೆಲಸ ಮಾಡಿತು. ನಂತರದ 1.0.16ರಲ್ಲಿ ಒಂದೇ ಒಂದು ಸಾಲು ಸೇರಿತ್ತು. ಹೋಗುವ ಪ್ರತಿ ಮೇಲ್‌ನ ಒಂದು ಪ್ರತಿ ಬಿಸಿಸಿಯಲ್ಲಿ ಬೇರೊಬ್ಬರಿಗೆ.

ಸರಕಾರಗಳು ತಡವಾಗಿ ಎದ್ದಿವೆ. ಸಾಫ್ಟ್‌ವೇರಿನೊಳಗೆ ಏನೇನಿದೆ ಎಂಬ ಪಟ್ಟಿಯನ್ನು, ಅಂದರೆ ಎಸ್‌ಬಾಮ್ ಅನ್ನು, ಸರಕಾರಕ್ಕೆ ಮಾರುವವರು ಕೊಡಬೇಕು ಎಂಬ ಮಾತಿಗೆ ಅಮೆರಿಕದಲ್ಲಿ 2021ರ ಮೇ ತಿಂಗಳ ಅಧ್ಯಕ್ಷೀಯ ಆದೇಶ ಬಲ ಕೊಟ್ಟಿತು. ಈ ಪಟ್ಟಿಯಲ್ಲಿ ಪ್ರತಿ ಭಾಗದ ಆವೃತ್ತಿಯ ಜತೆ ಲೈಸೆನ್ಸನ್ನೂ ಬರೆಯಬಹುದು, ಹಾಗಾಗಿ ಎರಡು ವಿಭಾಗದವರು ಒಂದೇ ಕಾಗದ ನೋಡುವ ಹಾಗಾಗಿದೆ. ಯುರೋಪಿನ ಸೈಬರ್ ರೆಸಿಲಿಯೆನ್ಸ್ ಕಾಯ್ದೆ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ದಾಳಿಗೆ ಬಳಕೆಯಾಗುತ್ತಿರುವ ದೋಷಗಳನ್ನು ತಯಾರಕರು ವರದಿ ಮಾಡುವ ನಿಯಮಕ್ಕೆ 2026ರ ಸೆಪ್ಟೆಂಬರ್ ಗಡುವು, ಉಳಿದ ಬಹುಪಾಲು ನಿಯಮಗಳಿಗೆ 2027ರ ಡಿಸೆಂಬರ್. ಆದರೆ ಆ ಕಾಯ್ದೆ ಮುಖ್ಯವಾಗಿ ಮಾರುಕಟ್ಟೆಗೆ ಬರುವ ಉತ್ಪನ್ನಗಳ ಬಗ್ಗೆ. ಪೂರ್ತಿ ಕ್ಲೌಡ್‌ನಲ್ಲೇ ನಡೆಯುವ ಸೇವೆಗಳು ಬಹುಮಟ್ಟಿಗೆ ಅದರ ಹೊರಗೆ. ಒಂದು ಸೇವೆ ಇನ್ನೊಂದಕ್ಕೆ ಕೊಟ್ಟ ಟೋಕನ್ ಎಷ್ಟು ದಿನ ಬದುಕಬೇಕು, ಕಂಪನಿ ಕೈ ಬದಲಾದಾಗ ಗ್ರಾಹಕರಿಗೆ ತಿಳಿಸಬೇಕಾ ಬೇಡವಾ, ಲೈಸೆನ್ಸ್ ಮುಗಿದ ಮೇಲೂ ಭದ್ರತಾ ಪ್ಯಾಚ್ ಕೊಡಬೇಕಾ ಎಂಬುದೆಲ್ಲ ಅಲ್ಲಿ ಇನ್ನೂ ಬಹುಪಾಲು ಆಯಾ ಕಂಪನಿಗಳ ಕರಾರಿಗೆ ಬಿಟ್ಟ ವಿಷಯ. ಆ ಕರಾರಾದರೂ ಬಹಳ ಸಲ "ಒಪ್ಪುತ್ತೇನೆ" ಎಂಬ ಬಟನ್ನಿನ ಹಿಂದೆ ಯಾರೂ ಓದದೆ ಕೂತಿರುತ್ತದೆ.