ಅಕ್ಟೋಬರ್‌ನಲ್ಲಿ ಗಂಡು ಬಾತುಗಳೆಲ್ಲ ಎಲ್ಲಿ ಹೋದವು?

ಹೊಸೂರು ಸುತ್ತಮುತ್ತ ಕೆರೆಗಳಲ್ಲಿ ಬಾತು ನೋಡಲು ಶುರು ಮಾಡಿ ಇದು ನನಗೆ ಎರಡನೇ ದಸರಾ. ಹೋದ ವರ್ಷ ಎಡವಿದ್ದು ಒಂದೇ ಕಡೆ, ಆದರೆ ಏಳೋಕೆ ಮೂರು ತಿಂಗಳು ಹಿಡಿಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಬೈನಾಕ್ಯುಲರ್ ಹಿಡಿಯೋದು, ಬೆಳಿಗ್ಗೆ ಸೂರ್ಯ ಬೆನ್ನಿಗಿರುವ ದಡದಲ್ಲಿ ನಿಲ್ಲೋದು, ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ, ಬಿಡಿ.

ಮೊದಲು ಬಾತು ಅಲ್ಲದ್ದನ್ನು ತೆಗೆಯಿರಿ

ನೀರಲ್ಲಿ ತೇಲೋದೆಲ್ಲ ಬಾತಲ್ಲ. ಮೈಯೆಲ್ಲ ಕಪ್ಪು, ಕೊಕ್ಕು ಬೆಳ್ಳಗೆ, ಹಣೆಗೂ ಬಿಳಿ ಬಳಿದಂತಿದ್ದರೆ ಅದು ನಾಮದ ಕೋಳಿ. ಹಾರುವ ಮುಂಚೆ ನೀರ ಮೇಲೆ ಪಟಪಟ ಓಡುತ್ತದೆ. ಮುಷ್ಟಿಯಷ್ಟೇ ಇದ್ದು, ಬಾಲವೇ ಇಲ್ಲದೆ, ನೋಡನೋಡುತ್ತಿದ್ದಂತೆ ಮುಳುಗಿ ಇನ್ನೆಲ್ಲೋ ಏಳುವುದು ಗುಳುಮುಳುಕ. ಇವೆರಡನ್ನು ತೆಗೆದರೆ ಎಷ್ಟೋ ದಿನ ಅರ್ಧ ಕೆರೆ ಖಾಲಿ.

ವರಟೆ ಇಲ್ಲಿಯದೇ ಬಾತು, ವರ್ಷಪೂರ್ತಿ ಇರುತ್ತದೆ. ಕಪ್ಪು ಕೊಕ್ಕು, ತುದಿ ಮಾತ್ರ ಹಳದಿ, ಬುಡದಲ್ಲಿ ಕುಂಕುಮ ಇಟ್ಟಂತೆ ಕೆಂಪು ಚುಕ್ಕೆ. ಗಂಡು ಹೆಣ್ಣು ಎರಡೂ ಹೆಚ್ಚುಕಡಿಮೆ ಒಂದೇ ಥರ. ಇದನ್ನು ಚೆನ್ನಾಗಿ ನೋಡಿಕೊಂಡರೆ ಉಳಿದವನ್ನು ಇದರ ಪಕ್ಕ ಇಟ್ಟು ದೊಡ್ಡದೋ ಚಿಕ್ಕದೋ ಅನ್ನಬಹುದು. ನಾನು ಹಾಗೇ ಮಾಡೋದು.

(ಊರವರನ್ನು ಕೇಳುವಾಗ ಒಂದು ಎಚ್ಚರ. ಮೈಸೂರಿಂದ ಬಂದಿದ್ದ ನನ್ನ ಮಾವನ ಮಗನಿಗೆ ಯಾರೋ ತಮಿಳಿನಲ್ಲಿ ಬಾತು ‘ಏರಿ’ಯಲ್ಲಿದೆ ಅಂದರಂತೆ. ಅವನು ಕೆರೆ ಕಡೆ ನೋಡದೆ ಏರಿ ಮೇಲಿನ ಪೊದೆಯೆಲ್ಲ ಹುಡುಕಿ ಬಂದ. ತಮಿಳಿನಲ್ಲಿ ಏರಿ ಅಂದರೆ ಕೆರೆ!)

ನಾನು ಬಿದ್ದ ಹಳ್ಳ

ಹೋದ ವರ್ಷ ಅಕ್ಟೋಬರ್. ನೈಟ್ ಶಿಫ್ಟ್ ಮುಗಿಸಿ ಬರುವ ದಾರಿಯಲ್ಲಿ, ಬಾಗಲೂರು ಕಡೆಯ ಒಂದು ಸಣ್ಣ ಕೆರೆ ಹತ್ತಿರ ಗಾಡಿ ನಿಲ್ಲಿಸಿದೆ. ವರಟೆಗಿಂತ ತುಂಬಾ ಚಿಕ್ಕ ಬಾತುಗಳು, ಎಲ್ಲ ಕಂದು. ಮುಖದ ಮೇಲೆ ಗೆರೆಗಳು: ಕಣ್ಣಿನ ಮೇಲೆ ತಿಳಿ, ಕಣ್ಣಿಗೆ ಅಡ್ಡ ಕಪ್ಪು, ಕೆಳಗೆ ಮತ್ತೆ ತಿಳಿ, ಕೆನ್ನೆಯಲ್ಲಿ ಇನ್ನೊಂದು ಕಪ್ಪು. ಕೊಕ್ಕಿನ ಬುಡದಲ್ಲಿ ತಿಳಿ ಮಚ್ಚೆ. ಪುಸ್ತಕ ತೆರೆದರೆ ಗಾರ್ಗೆನಿಯ ಹೆಣ್ಣು. ಗಾರ್ಗೆನಿ ಅಂದರೆ ಚಳಿಗಾಲಕ್ಕೆ ವಲಸೆ ಬರುವ ಬಿಳಿಹುಬ್ಬಿನ ಬಾತು. ಗಂಡಿಗೆ ದಪ್ಪ ಬಿಳಿ ಹುಬ್ಬು ಇರಬೇಕಿತ್ತು, ಒಂದಕ್ಕೂ ಇಲ್ಲ. ನೋಟ್‌ಬುಕ್‌ನಲ್ಲಿ ಬರೆದೆ: ಹೆಣ್ಣು 14, ಗಂಡು 0.

ಮುಂದಿನ ವಾರ ಹೆಣ್ಣು 20, ಗಂಡು 0. ರಾಮನಾಯಕನ ಕೆರೆಯಲ್ಲೂ ಅದೇ ಕಥೆ. ಆಗ ನಾನೇ ಒಂದು ಸಿದ್ಧಾಂತ ಕಟ್ಟಿಬಿಟ್ಟೆ, ಹೆಣ್ಣುಗಳು ಮೊದಲು ಬರುತ್ತವೆ, ಗಂಡುಗಳು ಆಮೇಲೆ ಅಂತ. ಎರಡು ಮೂರು ಜನಕ್ಕೆ ಹೇಳಿಯೂ ಬಿಟ್ಟೆ. ಪೂರಾ ತಪ್ಪು. ಗಂಡುಗಳು ಅಲ್ಲೇ ಇದ್ದವು, ಹೆಣ್ಣಿನ ವೇಷದಲ್ಲಿ.

ಇದಕ್ಕೆ ಇಂಗ್ಲಿಷ್‌ನಲ್ಲಿ ಎಕ್ಲಿಪ್ಸ್ ಅಂತಾರೆ, ಗ್ರಹಣ ಅಂತಲೇ ಅರ್ಥ. ಸೈಬೀರಿಯಾ, ಮಧ್ಯ ಏಷ್ಯಾ ಕಡೆ ಬೇಸಿಗೆಯಲ್ಲಿ ಜೋಡಿಯಾಗುವ ಕಾಲ ಮುಗಿದ ಮೇಲೆ ಗಂಡಿನ ಮೈಬಣ್ಣದ ಪುಕ್ಕ ಉದುರಿ ಕಂದು ಪುಕ್ಕ ಬರುತ್ತದೆ. ಆಮೇಲೆ ಹಾರುವ ಗರಿಗಳೆಲ್ಲ ಒಟ್ಟಿಗೇ ಉದುರುತ್ತವೆ. ಕಾಗೆ, ಪಾರಿವಾಳದ ಹಾಗೆ ಒಂದೊಂದಾಗಿ ಅಲ್ಲ. ಮೂರ್ನಾಲ್ಕು ವಾರ ಹಾರೋಕೇ ಆಗುವುದಿಲ್ಲ. ಜೊಂಡಿನಲ್ಲಿ ಅಡಗಿ ಕೂರಬೇಕಾದ ಹೊತ್ತಲ್ಲಿ ಮಿರಮಿರ ಮಿಂಚುತ್ತಿದ್ದರೆ ನರಿಗೆ ಸುಲಭ ಊಟ, ಅಲ್ವಾ? ಗರಿ ಬಂದ ಮೇಲೆ ಅದೇ ಕಂದು ಮೈಯಲ್ಲಿ ಇಲ್ಲಿಗೆ ಹಾರಿ ಬರುತ್ತವೆ.

ಇಲ್ಲಿಯವರೆಗೆ ತಲೆಗೆ ಹೋಯಿತು. ಮುಂದಿನದು ಹೋಗಲಿಲ್ಲ. ‘ಗ್ರಹಣದಲ್ಲಿದ್ದರೂ ರೆಕ್ಕೆ ನೋಡಿದರೆ ಗಂಡು ಗೊತ್ತಾಗುತ್ತದೆ’ ಅಂತ ಓದಿದೆ. ಹೇಗೆ? ಮೈ ಮಂಕಾದ ಮೇಲೆ ರೆಕ್ಕೆ ಯಾಕೆ ಮಂಕಾಗಲಿಲ್ಲ? ಅದೂ ಉದುರಿ ಹೊಸದಾಗಿ ಬಂದಿದ್ದೇ ತಾನೇ?

ನಮ್ಮ ಕಾರ್ಖಾನೆ ಲೆಕ್ಕದಲ್ಲಿ ಯೋಚಿಸಿದಾಗ ಬಿಡಿಸಿಕೊಂಡಿತು. ನಮಗೆ ವರ್ಷಕ್ಕೆ ಯೂನಿಫಾರಂ ಎರಡು ಜೊತೆ, ಶೂ ಒಂದೇ ಜೊತೆ. ಬಾತಿಗೂ ಹಾಗೇ. ಮೈ ಪುಕ್ಕ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ: ಒಮ್ಮೆ ಬಣ್ಣದಿಂದ ಕಂದಿಗೆ, ಇನ್ನೊಮ್ಮೆ ಕಂದಿನಿಂದ ಬಣ್ಣಕ್ಕೆ. ರೆಕ್ಕೆಯ ಗರಿ ಬದಲಾಗುವುದು ಒಂದೇ ಸಲ. ಆ ಒಂದು ಜೊತೆ ಜೊಂಡಿನ ದಿನಕ್ಕೂ ಆಗಬೇಕು, ಮುಂದಿನ ಮದುವೆಗೂ ಆಗಬೇಕು. ಹಾಗಾಗಿ ರೆಕ್ಕೆ ಬರುವಾಗಲೇ ಗಂಡಿನ ಬಣ್ಣದಲ್ಲಿ ಬರುತ್ತದೆ. ಮೈ ಸುಳ್ಳು ಹೇಳಿದರೂ ರೆಕ್ಕೆ ಹೇಳುವುದಿಲ್ಲ ಅಂತ ನೋಟ್‌ಬುಕ್ ರಟ್ಟಿನ ಮೇಲೆ ಬರೆದುಕೊಂಡಿದ್ದೇನೆ.

ಕಣ್ಣಾರೆ ನೋಡಿದ್ದು ನವೆಂಬರ್‌ನಲ್ಲಿ. ಮಂಜು ಆಗತಾನೇ ಕರಗುತ್ತಿತ್ತು. ದಡದ ಹತ್ತಿರ ಒಂದು ‘ಹೆಣ್ಣು’ ಗರಿ ತಿದ್ದಿಕೊಳ್ಳುತ್ತಿತ್ತು. ಇದ್ದಕ್ಕಿದ್ದಂತೆ ನೀರಲ್ಲೇ ಎದ್ದು ನಿಂತು ನಾಲ್ಕೈದು ಸಲ ರೆಕ್ಕೆ ಬಡಿಯಿತು. ರೆಕ್ಕೆಯ ಮುಂಭಾಗ ತಿಳಿ ನೀಲಿ ಬೂದಿ, ಹಿಂದೆ ಹಸಿರು ಪಟ್ಟಿ, ಆ ಪಟ್ಟಿಯ ಎರಡೂ ಕಡೆ ದಪ್ಪ ಬಿಳಿ ಗೆರೆ. ಮತ್ತೆ ಮಡಚಿಕೊಂಡು ಕೂತಿತು, ಮತ್ತದೇ ಕಂದು ಹಕ್ಕಿ. ಎರಡು ಸೆಕೆಂಡ್ ಆಟ ಅಷ್ಟೇ. ಪಕ್ಕದಲ್ಲಿ ಹಸು ಮೇಯಿಸುತ್ತಿದ್ದ ಅಜ್ಜ ‘ಏನಪ್ಪಾ, ಏನ್ ಕಾಣಿಸ್ತು?’ ಅಂದರು. ‘ಗಂಡು, ತಾತ’ ಅಂದೆ. ಅವರು ನನ್ನನ್ನೇ ಒಂದು ಥರ ನೋಡಿದರು.

ಹಾಗಾಗಿ ಹಕ್ಕಿಯನ್ನು ಓಡಿಸಿ ರೆಕ್ಕೆ ನೋಡಬೇಡಿ. ಗರಿ ತಿದ್ದಿಕೊಳ್ಳುವ ಹಕ್ಕಿಯನ್ನೇ ಹಿಡಿದು ಕೂತಿರಿ. ತಿದ್ದಿ ಮುಗಿಸಿದ ಮೇಲೆ ಎಷ್ಟೋ ಸಲ ಒಮ್ಮೆ ಎದ್ದು ರೆಕ್ಕೆ ಒದರುತ್ತವೆ.

ವೇಷ ಹಾಕುವ ಇನ್ನೆರಡು ವಲಸೆ ಬಾತುಗಳು ಸುಲಭ

ಚಲುಕ ಬಾತಿಗೆ ರೆಕ್ಕೆ ಕಾಯುವ ಕೆಲಸವಿಲ್ಲ. ಕೊಕ್ಕು ತಲೆಗಿಂತ ಉದ್ದ, ತುದಿ ಸೌಟಿನಂತೆ ಅಗಲ. ಕಣ್ಣು ಹಳದಿಯಾಗಿದ್ದರೆ ಗಂಡು, ಹೆಣ್ಣಿನದು ಸಾಮಾನ್ಯವಾಗಿ ಕಂದು. ಸೂಜಿಬಾಲದ ಬಾತು ಉದ್ದ ಕುತ್ತಿಗೆಯದು. ಮೈ ಕಂದಾಗಿದ್ದರೂ ಕೊಕ್ಕಿನ ಪಕ್ಕ ನೀಲಿ ಬೂದಿ, ನಡುವೆ ಕಪ್ಪು ಗೆರೆ ಇದ್ದರೆ ಗಂಡು.

ಗ್ರಹಣ ಬಿಡುವುದು ಎಲ್ಲಕ್ಕೂ ಒಟ್ಟಿಗಲ್ಲ. ನನ್ನ ಲೆಕ್ಕ ಹೀಗೆ: ಸೂಜಿಬಾಲಕ್ಕೆ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಚಲುಕಕ್ಕೆ ಅದರ ಹಿಂದೆ, ಬಿಳಿಹುಬ್ಬಿಗೆ ಸಂಕ್ರಾಂತಿ ಆದಮೇಲೇ. ಪುಸ್ತಕದ ಚಿತ್ರದಂಥ ಗಂಡು ಬೇಕೇ ಬೇಕು ಅನ್ನುವವರು ಆಗ ಬನ್ನಿ. 1987ರಿಂದ ನಡೆಯುತ್ತಿರುವ ಏಷ್ಯಾ ನೀರುಹಕ್ಕಿ ಗಣತಿಯೂ ಜನವರಿಯಲ್ಲೇ. ನುರಿತವರ ಪಕ್ಕ ನಿಂತು ಕಲಿಯೋಕೆ ಅದು ಒಳ್ಳೆ ಸಮಯ.

ಇನ್ನೊಂದು, ಹಿಂಗಾರು ಜೋರಾಗಿ ಕೆರೆ ಕೋಡಿ ಬಿದ್ದರೆ ಖುಷಿಪಟ್ಟು ಓಡಬೇಡಿ. ಇವು ಮುಳುಗುವ ಬಾತುಗಳಲ್ಲ, ಬಾಲ ಮೇಲೆತ್ತಿ ತಲೆ ಅದ್ದಿ ಮೇಯುವಂಥವು. ಕೊಕ್ಕಿಗೆ ತಳ ಸಿಗುವಷ್ಟು ತೆಳು ನೀರು ಬೇಕು. ತುಂಬಿದ ಕೆರೆಯಲ್ಲಿ ಏರಿ ಬಿಟ್ಟು, ನೀರು ಹೊಲಕ್ಕೆ ತಾಗುವ ಹಿಂಬದಿಯಲ್ಲಿ ಹುಡುಕಿ. ಕೆಲವರಪಳ್ಳಿ ಅಣೆಕಟ್ಟಿನ ಕೆಳಗೆ ನೊರೆ ಬಂದ ದಿನ ಹೋದರೆ ತೇಲುವ ನೊರೆ ಉಂಡೆಯನ್ನೆಲ್ಲ ಬಿಳಿ ಹಕ್ಕಿ ಅಂತ ಎಣಿಸುತ್ತೀರಿ, ನಾನು ಎಣಿಸಿದ್ದೇನೆ. ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿ ಹಿಡಿದು ನಮ್ಮ ಕಡೆ ಬರೋದೇ ಹಾಗೆ.

ಮೊನ್ನೆ ಭಾನುವಾರದ ಪುಟ: ಬಿಳಿಹುಬ್ಬಿನ ಬಾತು 14. ಗಂಡು 3, ರೆಕ್ಕೆ ಕಂಡಿತು. ಹೆಣ್ಣು 1, ಅದರದ್ದೂ ಕಂಡಿತು. ಗೊತ್ತಾಗಲಿಲ್ಲ 10.