ಹಿಂದುಮುಂದಾಗಿ ಬಾಗುವ ಬಿಲ್ಲು

ಇಸ್ತಾಂಬುಲ್‌ನ ಹರ್ಬಿಯೆಯಲ್ಲಿರುವ ಮಿಲಿಟರಿ ಮ್ಯೂಸಿಯಂನಲ್ಲಿ ಜನ ಜಾಸ್ತಿ ಹೊತ್ತು ನಿಲ್ಲುವುದು ಕತ್ತಿಗಳ ಮುಂದೆ. ಚಿನ್ನದ ಕೆಲಸ, ಕೆತ್ತಿದ ಹಿಡಿ, ನಿಲ್ಲದೆ ಇರುವುದು ಹೇಗೆ? ಆದರೆ ಹಿಂದೆ ತುರ್ಕಿಯನ್ನು ಆಳಿದ ಆಟೊಮನ್ನರ ಜಾಣ್ಮೆ ನೋಡಬೇಕೆಂದರೆ ಬಿಲ್ಲುಗಳ ಹತ್ತಿರ ಹೋಗಬೇಕು.

ಹೆದೆ ಬಿಚ್ಚಿಟ್ಟ ತುರ್ಕಿ ಬಿಲ್ಲು ಬಿಲ್ಲಿನ ಹಾಗೆ ಕಾಣುವುದೇ ಇಲ್ಲ. ಎರಡೂ ತುದಿಗಳು ಮುಂದಕ್ಕೆ ಸುರುಳಿಯಾಗಿ ಬಾಗಿರುತ್ತವೆ. ಹೆದೆ ಏರಿಸಲು ಅದನ್ನು ಪೂರ್ತಿ ಉಲ್ಟಾ ಬಗ್ಗಿಸಬೇಕು. ಹಾಗಾಗಿ ಬಾಣ ಹೂಡುವ ಮೊದಲೇ ಅದರೊಳಗೆ ಬಿಗಿ ತುಂಬಿರುತ್ತದೆ. ಎಳೆತದ ಶುರುವಿನಿಂದಲೇ ಬಲ ಬೇಕು. ಬೇರೆ ಬಿಲ್ಲಿನಷ್ಟೇ ದೂರ ಎಳೆದರೂ ಜಾಸ್ತಿ ಶಕ್ತಿ ಕೂಡುತ್ತದೆ.

ಬರೀ ಮರವಾಗಿದ್ದರೆ ಮುರಿದೇ ಹೋಗುತ್ತಿತ್ತು. ಏನನ್ನೇ ಬಗ್ಗಿಸಿ, ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ ಅಲ್ವಾ? ಬಿಲ್ಲು ಕಟ್ಟುವವರು ಎರಡಕ್ಕೂ ತಕ್ಕ ವಸ್ತು ಹುಡುಕಿಕೊಂಡರು. ಒಳಗಡೆ, ಅಂದರೆ ಬಿಲ್ಲುಗಾರನ ಕಡೆಗೆ, ಅದುಮಿದರೆ ತಡೆದುಕೊಳ್ಳುವ ಎಮ್ಮೆ ಕೊಂಬು. ಹೊರಗಡೆ, ಎಳೆದರೆ ತಡೆದುಕೊಳ್ಳುವ ದನದ ಕಾಲಿನ ನರ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ. ಒಣಗಿದ ನರವನ್ನು ಜಜ್ಜಿ, ಎಳೆ ಎಳೆಯಾಗಿ ಬಿಡಿಸಿ, ಅಂಟಿನಲ್ಲಿ ನೆನೆಸಿ ಹಾಸುತ್ತಿದ್ದರು. ನಡುವೆ ತೆಳುವಾದ ಮೇಪಲ್ ಮರ. ಕೊಂಬು ಮತ್ತು ಮರ ಕೂಡುವ ಮೈಗಳ ಮೇಲೆ ಉದ್ದುದ್ದ ಗೀರು ಕೊರೆಯುತ್ತಿದ್ದರು. ಒಂದರ ಗೀರು ಇನ್ನೊಂದರೊಳಗೆ ಕೂತು ಅಂಟು ಹಿಡಿಯುವ ಜಾಗ ಹೆಚ್ಚುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಒಣಗಿಸುವುದು. ಮ್ಯೂಸಿಯಂಗಳು ಒಂದಾದರೂ ಮುರಿದ ಬಿಲ್ಲನ್ನು ಅಡ್ಡ ಕೊಯ್ದು ತೋರಿಸಬೇಕು. ಒಳಗಿನ ಈ ಪದರಗಳು ಕಾಣದೆ ಹೋಗುವುದು ನಿಜಕ್ಕೂ ನಷ್ಟ.

ಇಸ್ತಾಂಬುಲ್‌ನ ಓಕ್‌ಮೆಯ್ದಾನಿ ಎಂಬ ಬಿಲ್ಲುಗಾರಿಕೆಯ ಬಯಲಿನಲ್ಲಿ ದೂರ ಹೊಡೆದವರ ದಾಖಲೆಗೆ ಕಲ್ಲು ನೆಡುತ್ತಿದ್ದರು. ಹಗುರವಾದ ಗಿಡ್ಡ ಬಾಣಗಳು 800 ಮೀಟರ್ ದಾಟಿದ್ದೂ ಉಂಟು.

ಈ ಬಿಲ್ಲಿಗೆ ದೊಡ್ಡ ಶತ್ರು ತೇವ. ಅಂಟು ಮಾಡುತ್ತಿದ್ದದ್ದು ನರ, ಮೀನಿನ ಗಾಳಿಚೀಲದಂಥ ಪದಾರ್ಥಗಳಿಂದ. ಗಾಳಿ ಹಸಿಯಾದರೆ ಅದು ಮೆತ್ತಗಾಗುತ್ತದೆ. ನಮ್ಮ ಮಳೆಗಾಲದಲ್ಲಿ ಇಂಥ ಬಿಲ್ಲನ್ನು ಕಾಪಾಡುವುದು ಸುಲಭವಲ್ಲ. ಭಾರತದಲ್ಲಿ ಉಕ್ಕಿನ ಬಿಲ್ಲುಗಳನ್ನೂ ಮಾಡಲು ಇದು ಒಂದು ಕಾರಣ. ಅಂಥವು ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ರಾಯಲ್ ಆರ್ಮರೀಸ್‌ನಲ್ಲಿವೆ. ಉಕ್ಕಿಗೆ ಅಂಟು ಬಿಡುವ ಭಯವಿಲ್ಲ. ವರ್ಷಗಟ್ಟಲೆ ಶಸ್ತ್ರಾಗಾರದಲ್ಲಿ ಇಟ್ಟರೂ ಕೆಲಸಕ್ಕೆ ಬರುತ್ತದೆ. ಆದರೆ ಒಂದು ಕಿಲೋ ನರ ಹಿಡಿದಿಡುವ ಶಕ್ತಿ ಒಂದು ಕಿಲೋ ಉಕ್ಕಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಉಕ್ಕಿನ ಬಿಲ್ಲಿನಲ್ಲಿ ಭಾರದ ತೋಳುಗಳನ್ನು ಚಿಮ್ಮಿಸುವುದಕ್ಕೇ ಶಕ್ತಿಯ ದೊಡ್ಡ ಪಾಲು ಖರ್ಚಾಗಿ, ಬಾಣಕ್ಕೆ ಉಳಿಯುವುದು ಕಡಿಮೆ.